ಸೀಟ್ ಪಿಲ್ಲರ್ ಬದಲಿಸಿದರೆ ಸೊಂಟನೋವು ಹೋಗುತ್ತಾ? ಒಂದು ಸೈಕಲ್ ಚರಿತ್ರೆ

ನಮ್ಮ ಗುಂಪಿನ ಗೆಳೆಯನೊಬ್ಬ ಕಳೆದ ವರ್ಷ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಎಂಟಿಬಿ ಸೈಕಲ್ ತಗೊಂಡ. ನಮ್ಮ ಕಡೆ ಹುಡುಗರು ಇದನ್ನೇ ರೇಂಜರ್ ಸೈಕಲ್ ಅನ್ನೋದು. ಸ್ಟೀಲ್ ಫ್ರೇಮು, ದಪ್ಪ ಟೈರು, ಅಗಲದ ಹ್ಯಾಂಡಲ್. ಬಿಳಿಗೆರೆ ಸುತ್ತಮುತ್ತಲ ಊರುಗಳಿಗೆ ಸುದ್ದಿಗೆ ಹೋಗಲು ಬಸ್ಸು ಕಾಯುವುದಕ್ಕಿಂತ ಇದೇ ವಾಸಿ ಅಂತ ಅವನ ಲೆಕ್ಕ. ಟಾರು ರಸ್ತೆ ಸ್ವಲ್ಪ ದೂರ, ಆಮೇಲೆ ನಾಲೆ ಏರಿ, ಆಮೇಲೆ ಟ್ರಾಕ್ಟರ್ ಓಡಾಡಿ ಹಳ್ಳಬಿದ್ದ ಗಾಡಿಜಾಡು. ಒಂದು ತಿಂಗಳಿಗೆ ಸೊಂಟ ಹಿಡಿಯಿತು.

ಮೈಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ವಿಚಾರಿಸಿದ. "ಸೀಟ್ ಪೋಸ್ಟ್ ಕಾರ್ಬನ್‌ದು ಹಾಕ್ಸಿ ಸರ್, ರೋಡಿನ ಏಟು ಗೊತ್ತೇ ಆಗಲ್ಲ" ಅಂದರು. ಬೆಲೆ ಕೇಳಿದರೆ ಹೆಚ್ಚು ಕಮ್ಮಿ ಎರಡು ಕ್ವಿಂಟಾಲ್ ಭತ್ತದ ದುಡ್ಡು. ವಾಪಸು ಬಂದು ಊರ ಕಡೆಯ ಹಳೇ ಸೈಕಲ್ ಶಾಪಿನಲ್ಲಿ ಕೇಳಿದ. ಅಲ್ಲಿದ್ದ ಹಿರಿಯರು ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಮೊದ್ಲು ಗಾಳಿ ಇಳ್ಸಪ್ಪ. ಪಿಲ್ಲರ್ ಮಾತು ಆಮೇಲಾಡನ" ಅಂದರು.

ಇಬ್ಬರಲ್ಲಿ ಯಾರ ಮಾತು ಸರಿ? ದುಡ್ಡಿನ ಪ್ರಶ್ನೆ ಆದ್ದರಿಂದ ನಾವೆಲ್ಲ ಸೇರಿ ಇದನ್ನು ಸ್ವಲ್ಪ ಕೆದಕಿದೆವು. ಕೆದಕುತ್ತಾ ಹೋದರೆ ಇನ್ನೂರು ವರ್ಷ ಹಿಂದಕ್ಕೆ ಹೋದೆವು.

ಮೊದಲು ವಸ್ತು ಯಾವುದು ಅಂತ ತಿಳಿಯೋಣ. ಸೀಟಿನ ಕೆಳಗೆ ಫ್ರೇಮಿನೊಳಗೆ ಇಳಿಯುವ ಪೈಪ್ ಇದೆಯಲ್ಲ, ಬೋಲ್ಟು ಸಡಿಲ ಮಾಡಿ ಮೇಲೆ ಕೆಳಗೆ ಮಾಡುತ್ತೇವಲ್ಲ, ಅದು. ನಮ್ಮ ಶಾಪುಗಳಲ್ಲಿ ಅದು ಸೀಟ್ ಪಿಲ್ಲರ್. ಇಂಗ್ಲೆಂಡಿನ ಸೈಕಲ್ಲಿನ ಜೊತೆಯಲ್ಲೇ ಬಂದ ಹೆಸರು, ಇನ್ನೂ ಉಳಿದಿದೆ. ಹೊಸ ಅಂಗಡಿಗಳಲ್ಲಿ ಸೀಟ್ ಪೋಸ್ಟ್ ಅನ್ನುತ್ತಾರೆ. ಎರಡೂ ಒಂದೇ.

ಸೈಕಲ್ಲಿಗೆ ಮುಂಚೆ ನಮ್ಮವರು ಮೈ ನೋವಿಗೆ ಏನು ಮಾಡುತ್ತಿದ್ದರು ಅಂತ ಹಿರಿಯರನ್ನು ಕೇಳಿ ನೋಡಿ. ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. ನಂಜನಗೂಡು ಜಾತ್ರೆಗೋ ಸುತ್ತೂರು ಜಾತ್ರೆಗೋ ಹೊರಟರೆ ಗಾಡಿಯೊಳಗೆ ಒಂದು ಮೊಳ ಹುಲ್ಲು ಹಾಸಿ ಮೇಲೆ ಜಮಖಾನ ಹಾಕುತ್ತಿದ್ದರು. ಮೈಸೂರಿನ ಜಟಕಾಗೆ ಮಾತ್ರ ಕೆಳಗೆ ಕಮಾನ್ ಪಟ್ಟಿ. ಅಂದರೆ ಏಟು ತಡೆಯಲು ಎರಡು ದಾರಿ ಆಗಲೇ ಗೊತ್ತಿತ್ತು: ಮೆತ್ತನೆಯದನ್ನು ಹಾಸು, ಇಲ್ಲವೇ ಬಾಗುವ ಉಕ್ಕಿನ ಮೇಲೆ ಕೂರು.

ಸೈಕಲ್ಲಿನ ಚರಿತ್ರೆಯೂ ಇದೇ ಎರಡು ದಾರಿಯಲ್ಲಿ ನಡೆದಿದೆ.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಮರದ ಎರಡು ಚಕ್ರದ ಗಾಡಿ ಮಾಡಿದ. ಪೆಡಲ್ ಇರಲಿಲ್ಲ, ಕಾಲಲ್ಲಿ ನೆಲ ಒದ್ದುಕೊಂಡು ಓಡುವುದು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮಿಶೋ ಎಂಬ ಕುಟುಂಬದವರು ಮುಂದಿನ ಚಕ್ರಕ್ಕೆ ಪೆಡಲ್ ಹಾಕಿದ ಗಾಡಿ ಮಾರಲು ಶುರು ಮಾಡಿದರು. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ, ಕಲ್ಲು ಹಾಸಿದ ಬೀದಿ. ಇಂಗ್ಲಿಷಿನವರು ಅದಕ್ಕೆ ಇಟ್ಟ ಅಡ್ಡಹೆಸರಿನ ಅರ್ಥ ಮೂಳೆ ಅಲುಗಿಸೋದು ಅಂತ. ಆದರೆ ಆ ಗಾಡಿಯ ಚಿತ್ರ ನೋಡಿದಾಗ ನಮಗೆ ಒಂದು ವಿಷಯ ಕಂಡಿತು. ಅದರಲ್ಲಿ ಸೀಟ್ ಪಿಲ್ಲರೇ ಇಲ್ಲ. ಸೀಟು ಕೂತಿರುವುದು ಒಂದು ಉದ್ದನೆಯ ಉಕ್ಕಿನ ಪಟ್ಟಿಯ ಮೇಲೆ. ಜಟಕಾದ ಕಮಾನ್ ಪಟ್ಟಿಯ ತಮ್ಮನ ಹಾಗಿದೆ. ಕೂತಾಗ ಪಟ್ಟಿ ಬಾಗುತ್ತದೆ, ಹಳ್ಳ ಬಂದಾಗ ಇನ್ನಷ್ಟು ಬಾಗುತ್ತದೆ.

ಈಗಿನ ಆಕಾರದ ಸೈಕಲ್ ಬಂದದ್ದು 1885ರಲ್ಲಿ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್. ಎರಡೂ ಚಕ್ರ ಹೆಚ್ಚು ಕಮ್ಮಿ ಒಂದೇ ಅಳತೆ, ಚೈನು ಹಿಂದಿನ ಚಕ್ರಕ್ಕೆ. ಅಲ್ಲಿಂದಾಚೆ ಸೀಟನ್ನು ಪೈಪಿನ ಮೇಲೆ ಕೂರಿಸುವ ಪದ್ಧತಿ ಗಟ್ಟಿಯಾಯಿತು. ಉದ್ದದ ಕಮಾನ್ ಪಟ್ಟಿ ಹೋಯಿತು, ಏಟು ನೇರ ಪೈಪಿನಲ್ಲಿ ಮೇಲಕ್ಕೆ ಬರತೊಡಗಿತು. ಟೈರು ಆಗಿನ್ನೂ ಗಟ್ಟಿ ರಬ್ಬರಿನದು. ಇದಕ್ಕೆ ಪರಿಹಾರವಾಗಿ ಕೆಲವು ಕಂಪನಿಗಳು ಫ್ರೇಮಿನೊಳಗೇ ಸ್ಪ್ರಿಂಗ್ ಕೂರಿಸಿದವು. ಆ ಥರದ ವಿಪೆಟ್ ಎಂಬ ಸೈಕಲ್ ಆಗ ಇಂಗ್ಲೆಂಡಿನಲ್ಲಿ ಹೆಸರು ಮಾಡಿತ್ತು.

ಆಮೇಲೆ 1888 ಬಂತು. ಬೆಲ್‌ಫಾಸ್ಟ್ ಪಟ್ಟಣದಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅಂತ ಒಬ್ಬ ದನದ ಡಾಕ್ಟರು. ಮಗನ ಮೂರು ಚಕ್ರದ ಸೈಕಲ್ ಕಲ್ಲಿನ ಬೀದಿಯಲ್ಲಿ ಕುಲುಕುತ್ತದೆ ಅಂತ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. ಹಾಗೆ ನೋಡಿದರೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಪಡೆದಿದ್ದ, ಆದರೆ ಆಗ ಅದನ್ನು ಹಾಕಲು ಸೈಕಲ್ಲೇ ಇರಲಿಲ್ಲ. ಡನ್‌ಲಪ್ಪನ ಅದೃಷ್ಟಕ್ಕೆ ಸೈಕಲ್ ಸಿದ್ಧವಾಗಿತ್ತು. ಕೆಲವೇ ವರ್ಷದಲ್ಲಿ ಗಟ್ಟಿ ರಬ್ಬರ್ ಮೂಲೆ ಸೇರಿತು. ಅದರ ಜೊತೆಗೇ ಫ್ರೇಮಿನೊಳಗಿನ ಸ್ಪ್ರಿಂಗೂ ಮಾಯವಾಯಿತು. ಯಾರಿಗೂ ಬೇಡವಾಯಿತು! ಅಷ್ಟೆಲ್ಲ ಕಬ್ಬಿಣದ ಸರ್ಕಸ್ಸು ಮಾಡುತ್ತಿದ್ದ ಕೆಲಸವನ್ನು ಒಂದು ಟ್ಯೂಬ್ ಗಾಳಿ ಮಾಡಿ ಮುಗಿಸಿತ್ತು.

ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಗೆಳೆಯನ ಸೊಂಟದ ವಿಷಯಕ್ಕೆ ಮತ್ತೆ ಬೇಕಾಗುತ್ತದೆ.

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಗಾಳಿ ಟೈರಿಗೆ ಆಗ ಮೂರು ವರ್ಷದ ವಯಸ್ಸು. ರೈಲಿಳಿದವರು ಊರು ಸೇರಲು ಗಾಡಿ, ಇಲ್ಲವೇ ಕಾಲು. ಸೈಕಲ್ಲು ಹಳ್ಳಿಗಳಿಗೆ ಇಳಿಯಲು ಇನ್ನೂ ಬಹಳ ಕಾಲ ಹಿಡಿಯಿತು. ಸ್ವಾತಂತ್ರ್ಯಕ್ಕೆ ಮುಂಚೆ ಬಹುಪಾಲು ಸೈಕಲ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕು: ರ‍್ಯಾಲಿ, ಬಿಎಸ್‌ಎ, ಹರ್ಕ್ಯುಲಿಸ್, ಹಂಬರ್. ಕೊಳ್ಳುವವರು ಪಟ್ಟಣದ ವಕೀಲರು, ಅಧಿಕಾರಿಗಳು, ದುಡ್ಡಿದ್ದ ಮನೆಯವರು.

ಹಳ್ಳಿಯ ಜಗಲಿಗೆ ಸೈಕಲ್ ಬಂದದ್ದು ಅದು ನಮ್ಮ ದೇಶದಲ್ಲೇ ತಯಾರಾಗಲು ಶುರುವಾದ ಮೇಲೆ. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ನಮ್ಮ ತಾತಂದಿರು ಹತ್ತಿದ್ದು ಇವುಗಳನ್ನೇ. ಮದುವೆಯಲ್ಲಿ ಅಳಿಯನಿಗೆ ವಾಚು, ರೇಡಿಯೋ, ಸೈಕಲ್ ಕೊಡುವ ಕಾಲ ಅದು. (ಅಟ್ಲಾಸ್ ತನ್ನ ಕೊನೆಯ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ಕ್ಕೆ. ಅವತ್ತು ವಿಶ್ವ ಸೈಕಲ್ ದಿನ. ಇಂಥ ದಿನವೇ ಸಿಗಬೇಕಿತ್ತೇ ಅನ್ನಿಸುತ್ತದೆ.)

ಆ ಕಪ್ಪು ಸೈಕಲ್ ಇನ್ನೂ ನಿಮ್ಮ ಮನೆಯ ಹಿತ್ತಿಲಲ್ಲಿ ಇದ್ದರೆ ಹೋಗಿ ಒಂದು ಸಲ ನೋಡಿ ಬನ್ನಿ. ನಾವೂ ನೋಡಿದೆವು.

ಮೊದಲು ಸೀಟ್ ಪಿಲ್ಲರ್ ಎಷ್ಟು ಹೊರಗಿದೆ ನೋಡಿ. ಮೂರು ಬೆರಳು, ಹೆಚ್ಚೆಂದರೆ ನಾಲ್ಕು. ಫ್ರೇಮೇ ಅಷ್ಟು ಎತ್ತರ. ಆ ಚೋಟುದ್ದದ ಪೈಪು ಉಕ್ಕಿನದಾದರೇನು, ಬೆಳ್ಳಿಯದಾದರೇನು, ಬಾಗುವುದಕ್ಕೆ ಜಾಗವೇ ಇಲ್ಲ. ಹಾಗಾಗಿ ಆ ಕಾಲದಲ್ಲಿ ಪಿಲ್ಲರ್ ಯಾವ ಲೋಹದ್ದು ಅಂತ ಯಾರೂ ಕೇಳಲಿಲ್ಲ. ಎಲ್ಲರದೂ ಉಕ್ಕೇ.

ಈಗ ಸೀಟಿನ ಕೆಳಗೆ ಕೈ ಹಾಕಿ. ಹಿಂದೆ ಎರಡು ದಪ್ಪ ಸುರುಳಿ ಸ್ಪ್ರಿಂಗ್, ಮೂಗಿನ ಕಡೆ ಬಾಗಿದ ಕಂಬಿ. ಕೆಲವದರಲ್ಲಿ ಮೇಲಿನ ಹೊದಿಕೆಯ ಕೆಳಗೆ ಮಂಚದ ಪಟ್ಟಿಯ ಹಾಗೆ ಉದ್ದಕ್ಕೂ ಎಳೆದ ಸಣ್ಣ ಸ್ಪ್ರಿಂಗುಗಳು. ಈ ಸೀಟಿನ ಮನೆತನವೂ ಹಳೆಯದೇ. ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಜಾನ್ ಬೌಲ್ಟ್‌ಬಿ ಬ್ರೂಕ್ಸ್ ಅಂತ ಕುದುರೆ ಜೀನು, ಲಗಾಮು ಮಾಡುವವನು 1866ರಲ್ಲಿ ಅಂಗಡಿ ಹಾಕಿದ್ದ. ಅವನ ಕುದುರೆ ಸತ್ತು ಸೈಕಲ್ ಹತ್ತಬೇಕಾಗಿ ಬಂದಾಗ ಸೀಟು ಕೂರಲಾಗದಷ್ಟು ಗಟ್ಟಿ ಅನ್ನಿಸಿತು ಅಂತ ಆ ಕಂಪನಿಯವರು ಹೇಳುವ ಕಥೆ. 1882ರಲ್ಲಿ ಅವನು ಸೈಕಲ್ ಸೀಟಿಗೆ ಪೇಟೆಂಟ್ ಪಡೆದ. ಕುದುರೆ ಜೀನಿನ ಚರ್ಮ, ಗಾಡಿಯ ಸ್ಪ್ರಿಂಗ್, ಎರಡೂ ಸೇರಿ ತಾತನ ಸೀಟಾಯಿತು.

ಇನ್ನೂ ಒಂದಿದೆ. ಸೈಕಲ್ಲನ್ನು ಪಕ್ಕದಿಂದ ನೋಡಿ. ಸೀಟಿನ ಕೆಳಗಿನ ಪೈಪ್ ಈಗಿನ ಸೈಕಲ್ಲಿಗಿಂತ ಹೆಚ್ಚು ಹಿಂದಕ್ಕೆ ವಾಲಿದೆ. ಮುಂದಿನ ಫೋರ್ಕೂ ಮುಂದಕ್ಕೆ ಚಾಚಿ ಬಾಗಿದೆ. ಹಳ್ಳಕ್ಕೆ ಇಳಿದಾಗ ಇಡೀ ಸೈಕಲ್ ಸ್ವಲ್ಪ ಸ್ವಲ್ಪ ಬಗ್ಗಿ ಏಟು ನುಂಗುತ್ತದೆ. ಇಂಗ್ಲೆಂಡಿನ ಕೆಟ್ಟ ರಸ್ತೆಗಳಿಗಾಗಿ ಮಾಡಿದ ಆಕಾರ ಅದು. ಅಲ್ಲಿ ರಸ್ತೆ ಸುಧಾರಿಸಿದ ಮೇಲೆ ಅವರು ಅದನ್ನು ಬಿಟ್ಟರು, ನಾವು ಬಿಡಲಿಲ್ಲ. ಬಿಡದೆ ಇರುವುದಕ್ಕೆ ಕಾರಣ ನಮ್ಮ ರಸ್ತೆಗಳೇ ಹೇಳುತ್ತವೆ.

ಆದರೆ ಆ ಸೈಕಲ್ಲಿಗೆ ಒಂದು ಕಷ್ಟ ಇತ್ತು. ಟೈರು ಒಂದೂವರೆ ಇಂಚು ಅಗಲ ಮಾತ್ರ. ಅದರ ಮೇಲೆ ಹೇರಿದ್ದೇನು? ಕ್ಯಾರಿಯರ್‌ನ ಎರಡೂ ಕಡೆ ಹಾಲಿನ ಕ್ಯಾನು, ರಸಬಾಳೆ ಗೊನೆ, ಹುಲ್ಲಿನ ಹೊರೆ, ಹಿಟ್ಟಿನ ಮಿಲ್ಲಿಗೆ ರಾಗಿ ಮೂಟೆ, ಮುಂದೆ ಬಾರಿನ ಮೇಲೆ ಮಗ, ಹಿಂದೆ ಹೆಂಡತಿ. ಇಷ್ಟು ಭಾರಕ್ಕೆ ಗಾಳಿ ಕಮ್ಮಿ ಇದ್ದರೆ ರಿಮ್ಮು ನೆಲಕ್ಕೆ ಬಡಿದು ಟ್ಯೂಬು ಹರಿದುಹೋಗುತ್ತದೆ. ಆದ್ದರಿಂದ ನಮ್ಮ ಶಾಪುಗಳಲ್ಲಿ ಟೈರು ಕಲ್ಲಿನ ಹಾಗೆ ಆಗುವವರೆಗೂ ಪಂಪು ಹೊಡೆಯುವುದು ರೂಢಿಯಾಯಿತು. ಟೈರು ಗಟ್ಟಿ ಇದ್ದರೂ ಪರವಾಗಿಲ್ಲ, ಸೀಟಿನ ಸ್ಪ್ರಿಂಗ್ ಇದೆಯಲ್ಲ.

ಮಕ್ಕಳಿಗೆ ಮಾತ್ರ ಆ ಸ್ಪ್ರಿಂಗಿನ ಸುಖ ಇರಲಿಲ್ಲ. ಸೀಟು ಎಟುಕುವುದೇ ಇಲ್ಲ. ಫ್ರೇಮಿನ ಒಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರು ಈ ಬರಹ ಓದುತ್ತಿರುವವರಲ್ಲೇ ಎಷ್ಟು ಮಂದಿ ಇದ್ದೀರೋ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಹೋಬಳಿಯ ರಸ್ತೆಗಳಲ್ಲೂ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುವ ದೃಶ್ಯ ಬಂತು. ಕಾಲು ನೆಲಕ್ಕೆ ಪೂರ್ತಿ ಊರಬೇಕು ಅಂತ ಸೀಟ್ ಪಿಲ್ಲರನ್ನು ಕೊನೆವರೆಗೂ ಒಳಕ್ಕೆ ಇಳಿಸಿಬಿಡುವುದು ಆಗಲೂ ಇತ್ತು, ಈಗಲೂ ಇದೆ. ಕಲಿಯುವಾಗ ಸರಿ. ಕಲಿತ ಮೇಲೂ ಹಾಗೇ ಬಿಟ್ಟರೆ ಮಂಡಿ ಮಡಚಿಕೊಂಡೇ ಪೆಡಲು ತುಳಿಯಬೇಕು, ಮಂಡಿನೋವು ಬರುತ್ತದೆ. ಪೆಡಲು ಪೂರ್ತಿ ಕೆಳಗಿದ್ದಾಗ ಮಂಡಿ ಒಂಚೂರು ಮಾತ್ರ ಮಡಚಿರಬೇಕು. ನಿಮ್ಮ ಮನೆಯ ಹುಡುಗಿಯ ಸೈಕಲ್ ನೋಡಿ ಸೀಟು ಎರಡು ಇಂಚು ಏರಿಸಿಕೊಟ್ಟರೆ ಅದಕ್ಕೆ ಕಾಸು ಖರ್ಚಿಲ್ಲ.

ಈಗ ರೇಂಜರ್ ಸೈಕಲ್ಲಿಗೆ ಬರೋಣ. ಅದು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಟಮಲ್ಪೈಸ್ ಎಂಬ ಬೆಟ್ಟದ ತಪ್ಪಲಿನಲ್ಲಿ. 1970ರ ದಶಕದಲ್ಲಿ ಅಲ್ಲಿಯ ಹುಡುಗರು ಗುಜರಿಯಿಂದ ಹಳೇ ದಪ್ಪ ಟೈರಿನ ಸೈಕಲ್ ತಂದು ಗುಡ್ಡದಿಂದ ಇಳಿಸುತ್ತಿದ್ದರು. ಆ ದಪ್ಪ ಟೈರನ್ನು ಅಲ್ಲಿ ಶ್ವಿನ್ ಕಂಪನಿ 1933ರಲ್ಲಿ ತಂದದ್ದು, ಎರಡು ಇಂಚಿಗೂ ಹೆಚ್ಚು ಅಗಲ. 1976ರಲ್ಲಿ ಗುಡ್ಡ ಇಳಿಯುವ ರೇಸು ಶುರುವಾಯಿತು. 1977ರಲ್ಲಿ ಜೋ ಬ್ರೀಜ್ ಎಂಬಾತ ಅದಕ್ಕೆಂದೇ ಉಕ್ಕಿನ ಹೊಸ ಫ್ರೇಮು ಕಟ್ಟಿದ. 1981ರಲ್ಲಿ ಸ್ಟಂಪ್‌ಜಂಪರ್ ಎಂಬ ಸೈಕಲ್ ಕಾರ್ಖಾನೆಯಿಂದ ರಾಶಿ ರಾಶಿಯಾಗಿ ಬಂತು. ಅದೂ ಉಕ್ಕೇ.

ಅವರಿಗೆ ಸೀಟ್ ಪಿಲ್ಲರ್ ದೊಡ್ಡ ವಿಷಯವಾಗಿತ್ತು, ಆದರೆ ಮೆತ್ತಗಿರಲಿ ಅಂತ ಅಲ್ಲ. ಗುಡ್ಡ ಇಳಿಯುವಾಗ ಸೀಟು ಕೆಳಗಿದ್ದರೆ ಮುಗ್ಗರಿಸುವುದಿಲ್ಲ, ಹತ್ತುವಾಗ ಮೇಲಿದ್ದರೆ ಕಾಲಿಗೆ ಬಲ. ಪ್ರತಿ ಸಲ ಇಳಿದು ಬೋಲ್ಟು ತಿರುಗಿಸಲಾಗದೆ ಅದೇ ಜೋ ಬ್ರೀಜ್ ಇನ್ನೊಬ್ಬನ ಜೊತೆ ಸೇರಿ 1984ರಲ್ಲಿ ಪಿಲ್ಲರಿಗೆ ಕಟ್ಟುವ ಒಂದು ಸ್ಪ್ರಿಂಗ್ ಮಾಡಿದ. ಹತ್ತಿ ಕೂತು ಲಿವರ್ ಸಡಿಲಿಸಿದರೆ ಸೀಟು ಇಳಿಯುತ್ತದೆ, ಮೈ ಎತ್ತಿದರೆ ತಾನೇ ಏರುತ್ತದೆ. ಫ್ರೇಮು ಗಿಡ್ಡ, ಪಿಲ್ಲರ್ ಉದ್ದ ಆದದ್ದು ಈ ಸೈಕಲ್ಲಿನಲ್ಲಿ. ಸೀಟು ತೆಳ್ಳಗಾಯಿತು, ಸ್ಪ್ರಿಂಗ್ ಹೋಯಿತು. ಯಾಕೆಂದರೆ ಗುಡ್ಡ ಇಳಿಯುವವರು ಕೂರುವುದೇ ಕಮ್ಮಿ, ಪೆಡಲಿನ ಮೇಲೆ ನಿಂತು ಮಂಡಿಯಲ್ಲೇ ಏಟು ತಡೆಯುತ್ತಾರೆ.

1990ರ ದಶಕದಲ್ಲಿ ನಮ್ಮಲ್ಲೂ ಈ ಆಕಾರದ ಸೈಕಲ್ ಮಾಮೂಲಾಯಿತು. ಹೀರೋ ರೇಂಜರ್ ಎಷ್ಟು ಓಡಿತೆಂದರೆ ದಪ್ಪ ಟೈರಿನದೆಲ್ಲ ರೇಂಜರ್ ಆಯಿತು. ನಾವು ಆ ಆಕಾರ ತಗೊಂಡೆವು. ಆದರೆ ಅದರ ಮೇಲೆ ತಾತ ಕೂತ ಹಾಗೇ ಕೂತೆವು, ಮತ್ತು ತಾತನ ಟೈರಿಗೆ ಹೊಡೆದ ಹಾಗೇ ಕಲ್ಲಿನಂತೆ ಗಾಳಿ ಹೊಡೆದೆವು. ಸ್ಪ್ರಿಂಗ್ ಸೀಟೂ ಇಲ್ಲ, ಮೆತ್ತನೆ ಟೈರೂ ಇಲ್ಲ. ಸೊಂಟ ಹಿಡಿಯದೆ ಇನ್ನೇನಾಗಬೇಕು?

ಇಷ್ಟಾದ ಮೇಲೆ ಲೋಹದ ಪ್ರಶ್ನೆ. ಉಕ್ಕು, ಅಲ್ಯೂಮಿನಿಯಂ, ಟೈಟೇನಿಯಂ, ಕಾರ್ಬನ್. ಒಂದೇ ಅಳತೆಯ ಪೈಪಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಮೂರು ಪಟ್ಟು ಸುಲಭವಾಗಿ ಬಾಗುತ್ತದೆ, ಟೈಟೇನಿಯಂ ಸುಮಾರು ಎರಡು ಪಟ್ಟು. ಆದರೆ ಅಂಗಡಿಯಲ್ಲಿ ಸಿಗುವುದು ಒಂದೇ ಅಳತೆಯವಲ್ಲ. ಅಲ್ಯೂಮಿನಿಯಂ ಮುರಿಯದಿರಲಿ ಅಂತ ಪೈಪಿನ ಗೋಡೆ ದಪ್ಪ ಮಾಡಿರುತ್ತಾರೆ. ಕಾರ್ಬನ್ ಅನ್ನುವುದು ಲೋಹವಲ್ಲ, ನಾರು ಮತ್ತು ಅಂಟು; ನಾರನ್ನು ಯಾವ ಕಡೆ ಹಾಸಿದ್ದಾರೆ ಎನ್ನುವುದರ ಮೇಲೆ ಅದು ಮೆತ್ತಗೂ ಇರಬಹುದು, ಉಕ್ಕಿಗಿಂತ ಗಟ್ಟಿಯೂ ಇರಬಹುದು.

ನಾವು ಕಾಗದದ ಮೇಲೆ ಅಂದಾಜು ಲೆಕ್ಕ ಹಾಕಿದೆವು. ಗೆಳೆಯನ ಸೈಕಲ್ಲಿನ ಪಿಲ್ಲರ್ 25.4 ಮಿ.ಮೀ. ದಪ್ಪ, ಅಂದರೆ ಸರಿಯಾಗಿ ಒಂದು ಇಂಚು. ಸುಮಾರು 15 ಸೆಂ.ಮೀ. ಹೊರಗಿದೆ. ಅವನ ತೂಕದಲ್ಲಿ 50 ಕೆಜಿ ಸೀಟಿನ ಮೇಲೆ ಬೀಳುತ್ತದೆ ಅಂತ ಇಟ್ಟುಕೊಂಡೆವು. ಉಕ್ಕಿನ ಪಿಲ್ಲರ್ ಬಾಗುವುದು ಒಂದು ಮಿ.ಮೀ.ನ ಹತ್ತನೇ ಒಂದು ಭಾಗ. ದಪ್ಪ ಗೋಡೆಯ ಅಲ್ಯೂಮಿನಿಯಂ ಆದರೆ ಹತ್ತನೇ ಎರಡು ಭಾಗ. ಟೈಟೇನಿಯಂ ಅದಕ್ಕಿಂತ ಒಂದು ಕೂದಲೆಳೆ ಕಮ್ಮಿ. ಜೆರಾಕ್ಸ್ ಮಾಡುವ ಹಾಳೆ ಇದೆಯಲ್ಲ, ಅದರ ದಪ್ಪ ಹತ್ತನೇ ಒಂದು ಮಿ.ಮೀ. ಆಸುಪಾಸು. ಅಂದರೆ ಉಕ್ಕಿನಿಂದ ಅಲ್ಯೂಮಿನಿಯಮ್ಮಿಗೆ ಹೋದರೆ ಸಿಗುವ ಸುಖ ಒಂದು ಹಾಳೆಯಷ್ಟು. ಹಳ್ಳಕ್ಕೆ ಧಡ್ ಅಂತ ಬಿದ್ದಾಗ ಭಾರ ಮೂರು ಪಟ್ಟು ಆಗುತ್ತದೆ ಅಂದುಕೊಳ್ಳಿ, ಆಗ ಮೂರು ಹಾಳೆ.

ಅದೇ ಸೈಕಲ್ಲಿನ ಎರಡು ಇಂಚಿನ ಟೈರಿನಲ್ಲಿ ಹದವಾದ ಗಾಳಿ ಇದ್ದರೆ ಅವನು ಕೂತಾಗಲೇ ಟೈರು ನಾಲ್ಕೈದು ಮಿ.ಮೀ. ಚಪ್ಪಟೆಯಾಗುತ್ತದೆ. ಅದು ನಲವತ್ತು ಐವತ್ತು ಹಾಳೆಯ ಕಟ್ಟು. ತಾತನ ಸೀಟಿನ ಸ್ಪ್ರಿಂಗ್ ಅದಕ್ಕಿಂತಲೂ ಹೆಚ್ಚು ಕುಗ್ಗುತ್ತದೆ, ಬೆರಳಲ್ಲಿ ಅಳೆಯಬಹುದು.

1888ರಲ್ಲಿ ಫ್ರೇಮಿನ ಸ್ಪ್ರಿಂಗು ಸೋತದ್ದು ಗಾಳಿಗೆ. ಕಾರ್ಬನ್ ಪೈಪೂ ಸೋಲುವುದು ಅದೇ ಗಾಳಿಗೆ. ಶಾಪಿನ ಹಿರಿಯರು ಹೆಬ್ಬೆರಳಲ್ಲಿ ಒತ್ತಿ ಹೇಳಿದ್ದು ಇದನ್ನೇ.

ಹಾಗಂತ ಪಿಲ್ಲರಿನಿಂದ ಏನೂ ಆಗುವುದಿಲ್ಲ ಅಂತಲ್ಲ. ಲೋಹಕ್ಕಿಂತ ಉದ್ದ ಹೆಚ್ಚು ಕೆಲಸ ಮಾಡುತ್ತದೆ. ಹೊರಗಿರುವ ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. ದಪ್ಪವೂ ಹಾಗೆಯೇ: 31.6 ಮಿ.ಮೀ. ಪಿಲ್ಲರಿಗಿಂತ 27.2 ಮಿ.ಮೀ.ದು ಮೆತ್ತಗೆ, 25.4 ಇನ್ನೂ ಮೆತ್ತಗೆ. ಈಗಿನ ದುಬಾರಿ ಅಲ್ಯೂಮಿನಿಯಂ ಸೈಕಲ್ಲುಗಳಿಗೆ ದಪ್ಪ ಪಿಲ್ಲರ್ ಹಾಕಿರುತ್ತಾರೆ. ಸ್ಟೀಲ್ ಫ್ರೇಮಿನ ಪೈಪು ತೆಳ್ಳಗಿರುವುದರಿಂದ ಪಿಲ್ಲರೂ ತೆಳ್ಳಗೆ. ಈ ವಿಷಯದಲ್ಲಿ ಹಳೇ ಸ್ಟೀಲ್ ಸೈಕಲ್ ಇರುವವರು ಆಗಲೇ ಮುಂದಿದ್ದಾರೆ. ಅಳತೆಯ ಅಂಕಿ ಪಿಲ್ಲರಿನ ಮೇಲೇ ಒತ್ತಿರುತ್ತದೆ, ತೆಗೆದು ಒರೆಸಿ ನೋಡಿ. ಹೊರಗೆಳೆಯುವಾಗ ಅಲ್ಲೇ ಒಂದು ಗೆರೆ ಕೊರೆದಿರುತ್ತಾರೆ. ಆ ಗೆರೆ ಕಾಣುವಷ್ಟು ಮೇಲೆ ಎಳೆಯಬಾರದು. ಎಳೆದರೆ ಫ್ರೇಮೇ ಸೀಳಬಹುದು.

ಪಿಲ್ಲರೇ ಸ್ಪ್ರಿಂಗಿನ ಹಾಗೆ ಕೆಲಸ ಮಾಡುವಂತೆ ಕಟ್ಟಿದವೂ ಇವೆ. ಒಳಗೆ ಸುರುಳಿ ಸ್ಪ್ರಿಂಗ್ ಇರುವವು, ಕೀಲು ಮತ್ತು ರಬ್ಬರ್ ಇರುವವು, ಕಾರ್ಬನ್ನನ್ನೇ ಎರಡು ತೆಳು ಪಟ್ಟಿಯಾಗಿ ಸೀಳಿ ಕಮಾನ್ ಪಟ್ಟಿಯಂತೆ ಮಾಡಿದವು. ಇವು ನಿಜವಾಗಿಯೂ ಕೆಲಸ ಮಾಡುತ್ತವೆ. ಕೆಲಸ ಮಾಡುವುದು ಆಕಾರ, ಕಾರ್ಬನ್ ಎಂಬ ಹೆಸರಲ್ಲ. ಪ್ಯಾರಿಸ್ಸಿನ ಮಿಶೋ ಮನೆಯವರು 1860ರ ದಶಕದಲ್ಲಿ ಸೀಟಿನ ಕೆಳಗೆ ಹಾಕಿದ ಪಟ್ಟಿಯೇ ನೂರೈವತ್ತು ವರ್ಷದ ಮೇಲೆ ಹೊಸ ಬಟ್ಟೆ ಹಾಕಿಕೊಂಡು ಬಂದಿದೆ.

ಮಾಮೂಲಿ ದುಂಡು ಕಾರ್ಬನ್ ಪಿಲ್ಲರ್ ವಿಷಯದಲ್ಲಿ ನಮಗೆ ಇನ್ನೊಂದು ಅಳುಕಿದೆ. ಉಕ್ಕು ಕೆಡುವ ಮುಂಚೆ ಬಗ್ಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಹಾಗಲ್ಲ, ಒಳಗೇ ಬಿರುಕು ಬಿಟ್ಟುಕೊಂಡು ಒಂದು ದಿನ ಲಟಕ್ಕನೆ ಮುರಿಯುತ್ತದೆ. ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅಂತ ಅಳೆಯುವ ಸ್ಪ್ಯಾನರ್ ಬೇಕು. ನಮ್ಮ ಕಡೆ ಸ್ಪ್ಯಾನರ್ ಹಾಕಿ ಆಗುವಷ್ಟು ಬಿಗಿದು, ಮೇಲೊಂದು ಸಲ ಒತ್ತಿ ಬಿಗಿಯುವುದು ವಾಡಿಕೆ. ಆ ಮೇಲಿನ ಒಂದು ಸಲವೇ ಕಾರ್ಬನ್ನಿಗೆ ಸಾಕು. ಸೆಕೆಂಡ್ ಹ್ಯಾಂಡ್ ಕಾರ್ಬನ್ ಪಿಲ್ಲರಂತೂ ಯಾರು ಕಮ್ಮಿ ಬೆಲೆಗೆ ಕೊಟ್ಟರೂ ಬೇಡ.

ಅಲ್ಯೂಮಿನಿಯಂ ಪಿಲ್ಲರಿಗೆ ಬೇರೆ ರೋಗ. ಸ್ಟೀಲ್ ಫ್ರೇಮಿನೊಳಗೆ ಅದನ್ನು ಒಣಗಿದಂತೆ ತೂರಿಸಿ ಎರಡು ಮಳೆಗಾಲ ಬಿಟ್ಟರೆ ಒಳಗೆ ನೀರು, ಬೆವರಿನ ಉಪ್ಪು ಸೇರಿ ಎರಡು ಲೋಹದ ನಡುವೆ ಬಿಳಿ ಪುಡಿ ಹುಟ್ಟುತ್ತದೆ. ಬ್ಯಾಟರಿಯ ಟರ್ಮಿನಲ್ ಮೇಲೆ ಬೂಷ್ಟು ಬರುತ್ತದಲ್ಲ, ಅಂಥದ್ದು. ಆಮೇಲೆ ಹಗ್ಗ ಕಟ್ಟಿ ಎಳೆದರೂ ಪಿಲ್ಲರ್ ಬರುವುದಿಲ್ಲ, ಕೊಯ್ಯಬೇಕು. ಇದಕ್ಕೆ ಔಷಧಿ ಗ್ರೀಸ್. ವರ್ಷಕ್ಕೆರಡು ಸಲ ಪಿಲ್ಲರ್ ಹೊರಗೆಳೆದು ಒರೆಸಿ ಗ್ರೀಸ್ ಸವರಿ ಹಾಕಿ. ಉಕ್ಕಿನ ಪಿಲ್ಲರಿಗೂ ಅಷ್ಟೇ, ತುಕ್ಕು ಹಿಡಿಯದಿರಲು. ಕಾರ್ಬನ್ನಿಗೆ ಮಾತ್ರ ಗ್ರೀಸ್ ಹಾಕಬಾರದು, ಜಾರುತ್ತದೆ. ಅದಕ್ಕೆ ಬೇರೆಯದೇ ಪೇಸ್ಟ್ ಬರುತ್ತದೆ.

ನಮ್ಮ ಗೆಳೆಯ ಕಡೆಗೆ ಮಾಡಿದ್ದು ಹೀಗೆ.

ಮೊದಲು ಗಾಳಿ. ಶಾಪಿನಲ್ಲಿ ಹೊಡೆಸಿದ್ದು 60 ಪೌಂಡ್ ಇತ್ತು. ಹಿಂದೆ 38, ಮುಂದೆ 32ಕ್ಕೆ ಇಳಿಸಿದ. ಅವನ ತೂಕ 70 ಕೆಜಿ, ಟೈರು ಎರಡು ಇಂಚು, ಕ್ಯಾರಿಯರ್ ಮೇಲೆ ಭಾರ ಇಲ್ಲ. ಅದಕ್ಕೆ ಇದು ಸಾಕು. ನೀವು ಮೂಟೆ ಹೇರುವವರಾದರೆ ಇಷ್ಟು ಇಳಿಸಬೇಡಿ. ನಾಲೆ ಏರಿಯ ಮೇಲೆ ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತಂತೆ. ಆಮೇಲೆ ಸೀಟು ಒಂದಿಂಚು ಏರಿಸಿದ, ಮೂಗು ಮೇಲಕ್ಕೆ ಎದ್ದಿತ್ತು, ಸಮ ಮಾಡಿದ. ಎರಡು ವಾರದಲ್ಲಿ ಸೊಂಟ ಅರ್ಧ ವಾಸಿ. (ಸೊಂಟನೋವು ಕಾಲಿಗೆ ಇಳಿಯುತ್ತಿದ್ದರೆ, ಮರಗಟ್ಟುತ್ತಿದ್ದರೆ ಸೈಕಲ್ ರಿಪೇರಿ ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.)

ಉಳಿದರ್ಧಕ್ಕೆ ಮತ್ತೆ ಹಳೇ ಶಾಪಿಗೆ ಹೋದ. ಹಿರಿಯರು ಅವನ ಅಲ್ಯೂಮಿನಿಯಂ ಪಿಲ್ಲರ್ ಬಿಚ್ಚಿ ಪಕ್ಕಕ್ಕಿಟ್ಟು, ಡಬ್ಬದಿಂದ ಒಂದು ಇಂಚಿನ ಮಾಮೂಲಿ ಉಕ್ಕಿನ ಪಿಲ್ಲರ್ ತೆಗೆದರು. ಅದರ ತುದಿ ಮೇಣದಬತ್ತಿಯ ಹಾಗೆ ಸಣ್ಣಗಾಗಿರುತ್ತದೆ, ಮುಕ್ಕಾಲಿಂಚಿಗೆ ಸ್ವಲ್ಪ ಜಾಸ್ತಿ, 22.2 ಮಿ.ಮೀ. "ನಿಮ್ ತಾತನ್ ಸೀಟ್ ಐತಾ ಮನೇಲಿ?" ಅಂದರು. ಇತ್ತು. ಹಳೇ ಕಪ್ಪು ಸೈಕಲ್ಲಿನ ಸೀಟಿನ ಕ್ಲಿಪ್ಪು ಕೂರುವುದು ಸರಿಯಾಗಿ ಆ ತುದಿಯ ಮೇಲೆಯೇ. ಅಲ್ಯೂಮಿನಿಯಂ, ಕಾರ್ಬನ್ ಪಿಲ್ಲರುಗಳ ತಲೆಯಲ್ಲಿ ಸೀಟಿನ ಎರಡು ಕಂಬಿ ಹಿಡಿಯುವ ಹಿಡಿಕೆ ಸೇರಿಕೊಂಡೇ ಬರುವುದರಿಂದ ಆ ಸೀಟು ಅವುಗಳಿಗೆ ಕೂರುವುದಿಲ್ಲ.

ಹಾಗಾಗಿ ಕೊನೆಗೆ ಗೆದ್ದದ್ದು ಉಕ್ಕು. ಎಲ್ಲಕ್ಕಿಂತ ಕಮ್ಮಿ ಬಾಗುವ ಪಿಲ್ಲರ್ ಅದು, ಆದರೆ ತಾತನ ಸ್ಪ್ರಿಂಗ್ ಸೀಟನ್ನು ಹೊರುವುದು ಅದೊಂದೇ. ಎರಡು ಕ್ವಿಂಟಾಲ್ ಭತ್ತ ಮನೆಯಲ್ಲೇ ಉಳಿಯಿತು. ಸೈಕಲ್ ಸುಮಾರು ಒಂದು ಕೆಜಿ ಭಾರವಾಗಿದೆ ಅಂತಾನೆ. ನೋಡುವುದಕ್ಕೆ ರೇಂಜರ್ ಮೇಲೆ ಆ ಸೀಟು ಪಂಚೆ ಉಟ್ಟು ಬೂಟು ಹಾಕಿದಂತೆ ಕಾಣುತ್ತದೆ, ಹುಡುಗರು ನಗುತ್ತಾರೆ. ಸ್ಪ್ರಿಂಗಿಗೆ ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಿಡಬೇಕು. ಬಿಡದಿದ್ದರೆ ಕಿರ್ರೋ ಕಿರ್ರೋ ಅನ್ನುತ್ತದೆ, ಅವನು ಊರೊಳಗೆ ಬರುವ ಮುಂಚೆಯೇ ನಾಯಿಗಳಿಗೆ ಸುದ್ದಿ ಗೊತ್ತಾಗಿರುತ್ತದೆ.